ಮೂರು ಸಾಲಿಗೇ ‘ಕೈ ನೋವು’: ಮಗುವಿನ ಬರವಣಿಗೆಯ ದೋಷವನ್ನು ಆಡಿಸುತ್ತಾ ಹುಡುಕುವ ಕೈಪಿಡಿ

ದೂರು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಮಗು ಮೂರು ಸಾಲು ಬರೆಯುತ್ತದೆ, ಪೆನ್ಸಿಲ್ ಕೆಳಗಿಟ್ಟು ಕೈ ಕೊಡವುತ್ತದೆ, ‘ನೋವಾಗ್ತಿದೆ’ ಅನ್ನುತ್ತದೆ. ಪುಟ ನೋಡಿದರೆ ಕಾಗೆಕಾಲು ಗುಬ್ಬಿಕಾಲು. ‘ಕೈಯಲ್ಲಿ ಶಕ್ತಿ ಇಲ್ಲ’ ಎಂದು ದೊಡ್ಡವರು ತೀರ್ಮಾನಿಸುತ್ತಾರೆ. ಮರುದಿನ ಹಿಚುಕುವ ಚೆಂಡು ಬರುತ್ತದೆ, ಪೆನ್ಸಿಲಿಗೆ ಸಿಕ್ಕಿಸುವ ರಬ್ಬರಿನ ಹಿಡಿ ಬರುತ್ತದೆ, ಕಾಪಿ ಬರೆಯುವ ಪುಟ ಎರಡಿದ್ದದ್ದು ನಾಲ್ಕಾಗುತ್ತದೆ.

ಒಂದನೇ ತರಗತಿಗೆ ಪಾಠ ಮಾಡುವ ನಾನೂ ಇದೇ ತಪ್ಪು ಮಾಡಿದ್ದೇನೆ. ಒಬ್ಬ ಹುಡುಗನಿಂದ ಎರಡು ತಿಂಗಳು ಸ್ಪಂಜಿನ ಚೆಂಡು ಹಿಚುಕಿಸಿದೆ. ಹಿಚುಕುವುದರಲ್ಲಿ ಅವನು ಗಟ್ಟಿಗನಾದ. ಅಕ್ಷರ ಇದ್ದಲ್ಲೇ ಇತ್ತು. ಕೊನೆಗೊಂದು ದಿನ ಬಿದ್ದ ಸೀಮೆಸುಣ್ಣ ಎತ್ತಲು ಬಗ್ಗಿದಾಗ ಬೆಂಚಿನಿಂದ ನೇತಾಡುತ್ತಿದ್ದ ಅವನ ಕಾಲು ಕಂಡವು. ಪಾದಕ್ಕೆ ನೆಲ ಸಿಗದೆ, ಜಾರದ ಹಾಗೆ ಎಡಗೈಯಲ್ಲಿ ಮೇಜಿನ ಅಂಚು ಹಿಡಿದು ಕೂರುತ್ತಿದ್ದ. ಹಾಳೆ ಹಿಡಿಯಲು ಅವನಿಗೆ ಕೈಯೇ ಉಳಿದಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ; ನನ್ನ ಚೆಂಡಿನ ಚಿಕಿತ್ಸೆ ಹಾಗಿತ್ತು.

ನೋವು ಬೆರಳಲ್ಲಿ ಕಂಡರೂ ಹುಡುಕಾಟವನ್ನು ಬೆರಳಿನಿಂದ ಶುರುಮಾಡಬೇಡಿ. ಐದು ನಿಮಿಷದಲ್ಲಿ ಸರಿಯಾಗುವಂಥದ್ದನ್ನು ಮೊದಲು ನೋಡಿ, ತಿಂಗಳು ಹಿಡಿಯುವಂಥದ್ದನ್ನು ಆಮೇಲೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಕುರ್ಚಿ, ಪೆನ್ಸಿಲ್, ಹೊಸ ಆಟ ಮೂರನ್ನೂ ಒಂದೇ ದಿನ ತಂದರೆ ಯಾವುದರಿಂದ ಗುಣ ಬಂತೆಂದು ಗೊತ್ತಾಗುವುದಿಲ್ಲ. ಇನ್ನೊಂದು ಮಾತು: ಇದು ಪರೀಕ್ಷೆ ಎಂದು ಮಗುವಿಗೆ ತಿಳಿಯಬಾರದು. ತಿಳಿದರೆ ಅದು ಇನ್ನಷ್ಟು ಬಿಗಿಯಾಗಿ ಪೆನ್ಸಿಲ್ ಹಿಡಿಯುತ್ತದೆ, ನಿಮಗೆ ಸುಳ್ಳು ಉತ್ತರ ಸಿಗುತ್ತದೆ.

ಇದು ದೋಷವೋ, ವಯಸ್ಸೋ?

ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಹುಟ್ಟಿದಾಗ ಅವು ಸಾಮಾನ್ಯವಾಗಿ ಬರೀ ಮೆದುಮೂಳೆ, ಎಕ್ಸ್‌ರೇ ತೆಗೆದರೂ ಕಾಣುವುದಿಲ್ಲ. ಮೊದಲೆರಡು ಕೆಲವೇ ತಿಂಗಳಲ್ಲಿ ಗಟ್ಟಿಯಾಗತೊಡಗುತ್ತವೆ, ಉಳಿದವು ಒಂದೊಂದಾಗಿ ವರ್ಷಗಟ್ಟಲೆ ತೆಗೆದುಕೊಳ್ಳುತ್ತವೆ. ಕೊನೆಯದರ ಸರದಿ ಬರುವುದು ಸುಮಾರು 8ರಿಂದ 12 ವರ್ಷದೊಳಗೆ. ಅಂದರೆ ನಾಲ್ಕು ವರ್ಷದ ಮಗು ಇನ್ನೂ ಕಟ್ಟಿ ಮುಗಿಯದ ಮಣಿಕಟ್ಟಿನಿಂದ ಬರೆಯುತ್ತಿದೆ.

ಪೆನ್ಸಿಲ್ ಹಿಡಿಯುವ ರೀತಿಗೂ ಒಂದು ಸರದಿ ಇದೆ. ಒಂದೂವರೆ ವರ್ಷದ ಹೊತ್ತಿಗೆ ಮುಷ್ಟಿ. ಎರಡು ಮೂರರಲ್ಲಿ ಬೆರಳೆಲ್ಲ ಕೆಳಮುಖವಾಗಿ, ಕೈಯಿಡೀ ಆಡಿಸುತ್ತಾ. ಮೂರೂವರೆ ನಾಲ್ಕರಲ್ಲಿ ಮೂರು ಬೆರಳು ಜಾಗಕ್ಕೆ ಬರುತ್ತವೆ, ಆದರೆ ಆಡುವುದು ಮಣಿಕಟ್ಟು. ಬೆರಳುಗಳೇ ಆಡತೊಡಗುವುದು ನಾಲ್ಕೂವರೆಯಿಂದ ಆರರ ನಡುವೆ. ಆರು ತಿಂಗಳು ಹಿಂದೆಮುಂದೆ ಆದರೆ ಅದನ್ನು ದೋಷ ಅನ್ನಬಾರದು.

ಅಕ್ಷರಕ್ಕೆ ಮುಂಚೆ ಗೆರೆಗಳನ್ನು ಕೇಳಿ ನೋಡಿ. ನಿಂತ ಗೆರೆ, ಮಲಗಿದ ಗೆರೆ, ವೃತ್ತ ಸುಮಾರು ಮೂರು ವರ್ಷಕ್ಕೆ ಬರುತ್ತವೆ. ಕೂಡಿಸುವ ಗುರುತು ನಾಲ್ಕರ ಆಸುಪಾಸಿಗೆ, ಚೌಕ ಅದರ ಹಿಂದೆಯೇ, ತ್ರಿಕೋನ ಐದು ದಾಟಿದ ಮೇಲೆ. ಓರೆಗೆರೆ ಯಾವಾಗಲೂ ತಡ, ಯಾಕೆಂದರೆ ಕೈ ಒಂದೇ ಹೊತ್ತಿಗೆ ಎರಡು ದಿಕ್ಕಿಗೆ ಹೋಗಬೇಕು. ಕೂಡಿಸುವ ಗುರುತನ್ನೇ ನೋಡಿ ಬರೆಯಲಾರದ ಮಗುವಿಗೆ ಸುರುಳಿ ಸುತ್ತುವ ‘ಋ’ ಬರೆಸುವುದು, ಅಂಬೆಗಾಲಿಡುವವನನ್ನು ಮೆಟ್ಟಿಲ ಮೇಲೆ ಓಡಿಸಿದ ಹಾಗೆ. ಅಂಥ ಮಗುವಿಗೆ ಇಲ್ಲಿನ ಆಟಗಳೆಲ್ಲ ಸಲ್ಲುತ್ತವೆ, ಆದರೆ ಯಾವ ದುರಸ್ತಿಯೂ ಬೇಕಿಲ್ಲ.

ಮೊದಲ ಕವಲು: ಚಿತ್ರ ಬಿಡಿಸುವಾಗಲೂ ನೋಯುತ್ತದೆಯೇ?

ಈ ಒಂದು ಪ್ರಶ್ನೆ ನನಗೆ ಉಳಿಸಿದಷ್ಟು ಸಮಯವನ್ನು ಬೇರೆ ಯಾವುದೂ ಉಳಿಸಿಲ್ಲ. ಅದೇ ಮೇಜು, ಅದೇ ಕುರ್ಚಿ, ಅದೇ ಪೆನ್ಸಿಲ್. ಬರೆಯುವ ಬದಲು ಇಷ್ಟ ಬಂದ ಚಿತ್ರ ಬಿಡಿಸಲು ಹೇಳಿ, ಹತ್ತು ನಿಮಿಷ ಬಿಡಿ.

ಹತ್ತು ನಿಮಿಷ ಗೀಚಿ, ಬಣ್ಣ ತುಂಬಿ, ಇನ್ನೊಂದು ಹಾಳೆ ಕೇಳಿತೇ? ಹಾಗಿದ್ದರೆ ಕೈಯಲ್ಲಿ ಶಕ್ತಿ ಇದೆ. ನೋವು ಸುಳ್ಳೆಂದು ಇದರ ಅರ್ಥವಲ್ಲ. ಮಗುವಿಗೆ ಅಕ್ಷರದ ಆಕಾರ ಇನ್ನೂ ಕೈಗೆ ಇಳಿದಿಲ್ಲ. ಎಲ್ಲಿ ಶುರು, ಯಾವ ಕಡೆ ತಿರುವು ಎಂದು ಪ್ರತಿ ಸಲ ಯೋಚಿಸುತ್ತಾ ಪೆನ್ಸಿಲನ್ನು ಹಿಸುಕುತ್ತಿದೆ. ಹಿಸುಕಿದ ಮೇಲೆ ನೋಯದೆ ಇರುತ್ತದೆಯೇ? ಖಾತ್ರಿ ಮಾಡಿಕೊಳ್ಳಲು ಕಣ್ಣು ಮುಚ್ಚಿಸಿ, ಗಾಳಿಯಲ್ಲಿ ತೋಳು ಬೀಸಿ ಒಂದು ಅಕ್ಷರ ಬರೆಸಿ. ತಡವರಿಸಿದರೆ ದೋಷ ನೆನಪಿನಲ್ಲಿದೆ. ಆಗ ಬೆನ್ನ ಮೇಲೆ ಬೆರಳಲ್ಲಿ ಬರೆದು ‘ಯಾವ ಅಕ್ಷರ ಹೇಳು’ ಎಂದು ಆಡಿಸಿ, ತಟ್ಟೆಯಲ್ಲಿ ಮರಳು ಹರಡಿ ಬರೆಸಿ, ನೆಲದ ಮೇಲೆ ದೊಡ್ಡ ಅಕ್ಷರ ಬರೆದು ಅದರ ಗೆರೆಯ ಮೇಲೆ ನಡೆಸಿ. ಬೆರಳಿನ ವ್ಯಾಯಾಮ ಇಲ್ಲಿ ವ್ಯರ್ಥ.

ಹಲಗೆ ನೋಡಿ ಬರೆಯುವಾಗ ಮಾತ್ರ ತೊಂದರೆಯೇ? ಮುಖ ಹಾಳೆಗೆ ತಾಗುವಷ್ಟು ಬಗ್ಗುತ್ತದೆಯೇ, ತಲೆ ಓರೆ ಮಾಡುತ್ತದೆಯೇ, ಒಂದು ಕಣ್ಣು ಮುಚ್ಚಿಕೊಳ್ಳುತ್ತದೆಯೇ? ಈ ಕೈಪಿಡಿ ಮುಚ್ಚಿಟ್ಟು ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಚಿತ್ರಕ್ಕೂ ಕೈ ಸೋತರೆ ಮುಂದೆ ಓದಿ.

ಕುರ್ಚಿ, ಮೇಜು, ಹಾಳೆ

ಪಾದ ಪೂರ್ತಿ ನೆಲಕ್ಕೆ ಊರಿರಬೇಕು. ಊರದಿದ್ದರೆ ಕಾಲಡಿಗೆ ಗಟ್ಟಿ ಡಬ್ಬವೋ ಹಳೆಯ ಪುಸ್ತಕಗಳ ಕಟ್ಟೋ ಇಡಿ. ಮೇಜು, ಮಡಚಿದ ಮೊಣಕೈಗಿಂತ ಒಂದೆರಡು ಇಂಚು ಮಾತ್ರ ಮೇಲಿರಲಿ. ಇನ್ನೂ ಎತ್ತರವಿದ್ದರೆ ಭುಜ ಕಿವಿಯ ಕಡೆಗೆ ಏರಿ ನಿಲ್ಲುತ್ತದೆ. ಬಲಗೈಯಲ್ಲಿ ಬರೆಯುವ ಮಗುವಿಗೆ ಹಾಳೆಯ ಮೇಲ್ತುದಿ ತುಸು ಎಡಕ್ಕೆ ವಾಲಿರಲಿ, ಎಡಗೈಯ ಮಗುವಿಗೆ ಬಲಕ್ಕೆ. ಇನ್ನೊಂದು ಕೈಗೆ ಹಾಳೆ ಹಿಡಿಯುವ ಕೆಲಸ ಕೊಡಿ. ‘ಹಾಳೆ ಓಡಿಹೋಗದ ಹಾಗೆ ಕಾವಲು ಕಾಯುವ ಕೈ’ ಎಂದರೆ ನನ್ನ ತರಗತಿಯಲ್ಲಿ ಎಲ್ಲರೂ ಥಟ್ಟನೆ ಹಿಡಿಯುತ್ತಾರೆ.

ಪೆನ್ಸಿಲನ್ನೂ ನೋಡಿಬಿಡಿ. ಗಟ್ಟಿ ಸೀಸದ ಪೆನ್ಸಿಲಿಗೆ ಹೆಚ್ಚು ಒತ್ತಬೇಕು. ಎಚ್‌ಬಿ ಬದಲು ಮೆದು ಸೀಸದ 2ಬಿ ಕೊಟ್ಟದ್ದಷ್ಟರಿಂದಲೇ ಕೈ ಕೊಡವುವುದು ನಿಂತದ್ದನ್ನು ನೋಡಿದ್ದೇನೆ.

ಇಷ್ಟು ಮಾಡಿ ಮೂರು ನಾಲ್ಕು ದಿನ ಕಾಯಿರಿ. ಗುಣ ಕಂಡರೆ ಇಲ್ಲೇ ನಿಲ್ಲಿಸಿ.

ಭುಜ ಮತ್ತು ಬೆನ್ನು

ಲಕ್ಷಣಗಳು ಹೀಗೆ: ಮಗು ಮೇಜಿನ ಮೇಲೆ ಒರಗಿ, ತೋಳಿನ ಮೇಲೆ ಕೆನ್ನೆಯಿಟ್ಟು ಬರೆಯುತ್ತದೆ. ಅಥವಾ ಬರೆಯುವಾಗ ಬೆರಳು ಆಡುವುದೇ ಇಲ್ಲ, ಭುಜದಿಂದ ತೋಳಿಡೀ ಸರಿಯುತ್ತದೆ. ಅಕ್ಷರ ಎರಡು ಸಾಲು ನುಂಗುವಷ್ಟು ದೊಡ್ಡದು. ಬುಡ ಅಲ್ಲಾಡುವ ಮರದ ರೆಂಬೆ ಸ್ಥಿರವಾಗಿ ನಿಲ್ಲುವುದಿಲ್ಲ. ಭುಜ ಭದ್ರವಾಗಿದ್ದರಷ್ಟೇ ಬೆರಳಿಗೆ ಸಣ್ಣಗೆ ಆಡುವ ಸ್ವಾತಂತ್ರ್ಯ.

ಪತ್ತೆಗೆ ಕೈಗಾಡಿ ಆಟ ಸಾಕು. ಮಗು ನೆಲಕ್ಕೆ ಎರಡೂ ಅಂಗೈ ಊರಲಿ, ನೀವು ಹಿಂದಿನಿಂದ ತೊಡೆಗಳನ್ನು ಹಿಡಿದೆತ್ತಿ ಗಾಡಿಯಂತೆ ನಡೆಸಿ. ಐದಾರು ವರ್ಷದ ಮಗು ಎಂಟು ಹತ್ತು ಹೆಜ್ಜೆ ನಡೆಯುವ ಮೊದಲೇ ಹೊಟ್ಟೆ ಜೋತುಬಿದ್ದರೆ, ಅಂಗೈ ಊರದೆ ಮುಷ್ಟಿ ಕಟ್ಟಿ ಊರಿದರೆ, ಮೊಣಕೈ ಹಿಂದಕ್ಕೆ ಬಾಗಿ ಬೀಗ ಹಾಕಿದಂತೆ ನಿಂತರೆ, ಕೆಲಸ ಇಲ್ಲಿಂದ ಶುರು. ಕಾಲಿನ ತುದಿ ಹಿಡಿದು ಎತ್ತಬೇಡಿ, ನಡು ಬಾಗಿ ಹೋಗುತ್ತದೆ.

ಪತ್ತೆಯ ಆಟವೇ ಇಲ್ಲಿ ಔಷಧಿ. ಕೈಗಾಡಿಯ ಜೊತೆಗೆ ಕರಡಿ ನಡಿಗೆ, ಏಡಿ ನಡಿಗೆ, ಹಗ್ಗಜಗ್ಗಾಟ, ಸರಳಿಗೆ ಜೋತಾಡುವುದು. ಬೋರಲು ಮಲಗಿ ಮೊಣಕೈ ಊರಿ ಚಿತ್ರ ಬಿಡಿಸುವುದಂತೂ ಆಟವೆಂದೇ ಅನ್ನಿಸುವುದಿಲ್ಲ, ಮಕ್ಕಳು ತಾವಾಗೇ ಹಾಗೆ ಮಲಗುತ್ತಾರೆ. ‘ಎದ್ದು ಸರಿಯಾಗಿ ಕೂತ್ಕೋ’ ಎಂದು ಗದರಿಸುವವರು ನಾವೇ.

ಮಣಿಕಟ್ಟು

ನಿಮ್ಮ ಕೈಯನ್ನೇ ನೋಡಿ. ಮಣಿಕಟ್ಟನ್ನು ಒಳಕ್ಕೆ, ಅಂಗೈ ಕಡೆಗೆ ಪೂರ್ತಿ ಬಾಗಿಸಿ, ಹಾಗೇ ಮುಷ್ಟಿ ಬಿಗಿಯಿರಿ. ಬಿಗಿಯಲಾಗುವುದಿಲ್ಲ. ಬೆರಳನ್ನು ಮಡಿಸುವ ನರದಂಥ ಹುರಿಗಳು ಆಗ ಸಡಿಲವಾಗಿರುತ್ತವೆ, ಎಳೆಯಲು ಅವಕಾಶವೇ ಉಳಿದಿರುವುದಿಲ್ಲ. ಈಗ ಮಣಿಕಟ್ಟನ್ನು ತುಸು ಹಿಂದಕ್ಕೆ ಎತ್ತಿ ಮುಷ್ಟಿ ಮಾಡಿ. ಅದೇ ಕೈ, ಶಕ್ತಿ ಎರಡು ಪಟ್ಟಾದಂತೆ ಅನ್ನಿಸುತ್ತದೆ.

ಮಣಿಕಟ್ಟು ಕೊಕ್ಕೆಯಂತೆ ಒಳಕ್ಕೆ ಬಾಗಿಸಿ ಬರೆಯುವ ಮಗು ದಿನವಿಡೀ ಆ ಮೊದಲನೆಯ ಮುಷ್ಟಿಯಲ್ಲೇ ದುಡಿಯುತ್ತಿದೆ. ಅದಕ್ಕೆ ಶಕ್ತಿ ತುಂಬಿಸುವ ಬದಲು ಕೋನ ಬದಲಿಸಿ.

ಹಾಳೆಯನ್ನು ಗೋಡೆಗೆ, ಮಗುವಿನ ಕಣ್ಣಿನ ಮಟ್ಟಕ್ಕೆ ಅಂಟಿಸಿ. ನಿಂತ ಮೇಲ್ಮೈಯಲ್ಲಿ ಬರೆಯಲು ಮಣಿಕಟ್ಟು ಹಿಂದಕ್ಕೆ ಬಾಗಲೇಬೇಕು, ಹೇಳಿಕೊಡುವ ಅಗತ್ಯವಿಲ್ಲ. ಹಾಳೆ ಸೊಂಟದ ಮಟ್ಟಕ್ಕಿದ್ದರೆ ಲಾಭವಿಲ್ಲ, ಕೈ ಮತ್ತೆ ಕೊಕ್ಕೆಯಾಗುತ್ತದೆ. ಬ್ರಷ್ಷನ್ನು ಬರೀ ನೀರಲ್ಲಿ ಅದ್ದಿ ಹೊರಗೋಡೆಗೆ ‘ಬಣ್ಣ’ ಬಳಿಸಿ. ಒಣಗುವ ಮೊದಲು ಗೋಡೆಯ ಎಷ್ಟು ಭಾಗ ಮುಗಿಯುತ್ತದೆ ಎಂಬ ಪಂದ್ಯ ಕಟ್ಟಿ. ಮಕ್ಕಳಿಗೆ ಹುಚ್ಚು ಹಿಡಿಸುವುದು ಇನ್ನೊಂದು ಆಟ: ಹಾಳೆಯನ್ನು ಮೇಜಿನ ಕೆಳಮೈಗೆ ಅಂಟಿಸಿ, ಅದರಡಿ ಅಂಗಾತ ಮಲಗಿ ಚಿತ್ರ ಬಿಡಿಸುವುದು. ಇದರಲ್ಲಿ ಭುಜಕ್ಕೂ ದುಡಿಮೆ ಇದೆ, ಮೂರು ನಾಲ್ಕು ನಿಮಿಷ ಧಾರಾಳವಾಯಿತು. ಬರೆಯುವ ಹೊತ್ತಿಗೆ ದಪ್ಪ ಫೈಲೊಂದರ ಒಂದು ಅಂಚು ಎತ್ತರಿಸಿ ಇಳಿಜಾರು ಹಲಗೆ ಮಾಡಿಕೊಡಿ.

ಅಂಗೈ ಮತ್ತು ಬೆರಳು

ನನ್ನ ಚೆಂಡು ಯಾಕೆ ಸೋತಿತು ಎಂಬುದಕ್ಕೆ ಇನ್ನೊಂದು ಕಾರಣ ಇಲ್ಲಿದೆ. ಬೆರಳುಗಳನ್ನು ಆಡಿಸುವ ಸ್ನಾಯುವಿನ ಮುದ್ದೆ ಬೆರಳಲ್ಲಿಲ್ಲ. ದೊಡ್ಡವು ಮುಂಗೈಯಲ್ಲಿವೆ, ಅಲ್ಲಿಂದ ಉದ್ದನೆಯ ಹುರಿಗಳು ಬೆರಳಿಗೆ ಬಂದು ಸೂತ್ರದ ಗೊಂಬೆಯಂತೆ ಎಳೆಯುತ್ತವೆ. ಸಣ್ಣವು ಅಂಗೈಯೊಳಗೆ, ಹೆಬ್ಬೆರಳ ಬುಡದ ಉಬ್ಬಿನಲ್ಲಿ, ಅಂಗೈ ಮೂಳೆಗಳ ಸಂದಿಯಲ್ಲಿವೆ. 1956ರಲ್ಲಿ ಜಾನ್ ನೇಪಿಯರ್ ಎಂಬ ವೈದ್ಯ ಕೈಯ ಹಿಡಿತಗಳನ್ನು ಎರಡಾಗಿ ವಿಂಗಡಿಸಿದರು: ಸುತ್ತಿಗೆಯನ್ನು ಹಿಡಿಯುವ ಬಲದ ಹಿಡಿತ, ಸೂಜಿಯನ್ನು ಹಿಡಿಯುವ ನಯದ ಹಿಡಿತ. ಚೆಂಡು ಹಿಚುಕುವಾಗ ಮುಖ್ಯವಾಗಿ ದುಡಿಯುವುದು ಮುಂಗೈ, ಅದು ಸುತ್ತಿಗೆಯ ಹಿಡಿತ. ಪೆನ್ಸಿಲಿಗೆ ಬೇಕಾದದ್ದು ಸೂಜಿಯದು.

ಹಾಗಾಗಿ ‘ಕೈ ಶಕ್ತಿ’ ಎಂದು ಒಟ್ಟಾಗಿ ಹೇಳುವುದನ್ನು ಬಿಟ್ಟು ಮೂರು ಬೇರೆ ಬೇರೆ ದೋಷಗಳನ್ನು ಹುಡುಕಿ.

ಮೊದಲನೆಯದು, ಕೈ ಎರಡು ಪಾಲಾಗದಿರುವುದು. ಬರೆಯುವಾಗ ಹೆಬ್ಬೆರಳು, ತೋರುಬೆರಳು, ನಡುಬೆರಳು ಆಡುತ್ತವೆ. ಉಂಗುರಬೆರಳು ಮತ್ತು ಕಿರುಬೆರಳು ಮಡಚಿ ಅಡಿಪಾಯದಂತೆ ಸುಮ್ಮನಿರುತ್ತವೆ. ಐದೂ ಒಟ್ಟಿಗೆ ಆಡಿದರೆ ಗೆರೆ ನಡುಗುತ್ತದೆ. ಕಾಗದದ ಸಣ್ಣ ಉಂಡೆಯೊಂದನ್ನು ಆ ಕೊನೆಯ ಎರಡು ಬೆರಳಡಿ ಬಚ್ಚಿಡಲು ಹೇಳಿ. ‘ಇದು ನಿಧಿ, ಬೀಳಿಸಬಾರದು.’ ಉಳಿದ ಮೂರು ಬೆರಳಲ್ಲಿ ಒಂದೊಂದೇ ಗುಂಡಿ ಹೆಕ್ಕಿ ಡಬ್ಬಕ್ಕೆ ಹಾಕಲಿ. ಎರಡನೇ ಗುಂಡಿಗೇ ನಿಧಿ ಬಿದ್ದರೆ ದೋಷ ಸಿಕ್ಕಿತು. ಅದೇ ಆಟವನ್ನು ದಿನಾ ಆಡಿಸಿ, ಬೆರಳಿನ ಬದಲು ಚಿಮಟದಲ್ಲಿ ಹೆಕ್ಕಿಸಿ, ಆಮೇಲೆ ಸ್ಪ್ರೇ ಬಾಟಲಿಯನ್ನು ಎರಡೇ ಬೆರಳಲ್ಲಿ ಒತ್ತಿಸಿ ಗಿಡಕ್ಕೆ ನೀರು ಹೊಡೆಸಿ. ಕತ್ತರಿಯೂ ಇದೇ ಪಾಠ ಕಲಿಸುತ್ತದೆ. ಮೊದಲು ಗಟ್ಟಿ ಕಾಗದದ ಅಂಚಿಗೆ ಬರೀ ‘ಕಚಕ್’, ಆಮೇಲೆ ನೇರ ಗೆರೆ, ಆಮೇಲೆ ಸುರುಳಿ ಹಾವು.

ಎರಡನೆಯದು ಹೆಬ್ಬೆರಳಿನದು. ಹೆಬ್ಬೆರಳ ತುದಿಗೆ ತೋರುಬೆರಳ ತುದಿ ತಾಗಿಸಿ ‘ಕನ್ನಡಕ’ ಮಾಡಲು ಹೇಳಿ. ದುಂಡಗಿನ ಕನ್ನಡಕ ಬಂದರೆ ಸರಿ. ಗೆಣ್ಣು ಒಳಕ್ಕೆ ಕುಸಿದು ಚಪ್ಪಟೆ ಹನಿಯ ಆಕಾರ ಬಂದರೆ, ಒಂದೋ ಆ ಸಣ್ಣ ಸ್ನಾಯುಗಳು ಸೋತಿವೆ, ಇಲ್ಲವೇ ಮಗುವಿನ ಕೀಲುಗಳೇ ಸಡಿಲ. ಬಟ್ಟೆ ಕ್ಲಿಪ್ ಕೊಟ್ಟೂ ನೋಡಿ. ಬೆರಳ ತುದಿಯ ಮೆತ್ತೆಯಿಂದ ಒತ್ತದೆ, ಬೀಗದ ಕೈ ತಿರುಗಿಸುವ ಹಾಗೆ ತೋರುಬೆರಳ ಪಕ್ಕಕ್ಕೆ ಹೆಬ್ಬೆರಳು ಒತ್ತಿದರೆ ಅದೇ ಸುಳಿವು.

ಇದಕ್ಕೆ ಆಟಗಳು ಬೇಕಾದಷ್ಟಿವೆ, ಆದರೆ ಹೇಗೆ ಆಡಿಸುತ್ತೇವೆ ಎಂಬುದರಲ್ಲಿ ಎಲ್ಲವೂ ಇದೆ. ಆಡುವ ಮಣ್ಣನ್ನು ಅಂಗೈಗಳ ನಡುವೆ ಉರುಳಿಸಿದರೆ ಹೆಚ್ಚು ಪ್ರಯೋಜನವಿಲ್ಲ. ಕಡಲೆಕಾಳಿನಷ್ಟು ತೆಗೆದು ಮೂರು ಬೆರಳ ತುದಿಯಲ್ಲೇ ಗೋಲಿ ಮಾಡಿಸಿ. ಗಟ್ಟಿ ಮಣ್ಣಿನ ಉಂಡೆಯಲ್ಲಿ ಮಣಿಗಳನ್ನು ಹುದುಗಿಸಿ, ಬೆರಳಲ್ಲೇ ಅಗೆದು ತೆಗೆಯಲಿ. ಹಳೆಯ ಕಾಗದವನ್ನು ಒಂದೇ ಕೈಯಲ್ಲಿ, ಮೇಜಿಗಾಗಲಿ ಮೈಗಾಗಲಿ ತಾಗಿಸದೆ ಮುದ್ದೆ ಮಾಡಿ ಬುಟ್ಟಿಗೆ ಎಸೆಯುವ ಪಂದ್ಯ ಕಟ್ಟಿ: ಮೊದಲು ತೆಳು ಕಾಗದ, ದಿನ ಕಳೆದಂತೆ ದಪ್ಪನೆಯದು. ಪಿಪೆಟ್ (ಹಿಸುಕಿ ಹನಿ ಬಿಡುವ ಪುಟ್ಟ ನಳಿಕೆ) ಇದ್ದರೆ ಬಣ್ಣದ ನೀರನ್ನು ಹನಿಹನಿಯಾಗಿ ಬಿಡುತ್ತಾ ಚಿತ್ರ ಮಾಡಲಿ. ಕಾಗದಕ್ಕೆ ತೂತು ಹೊಡೆಯುವ ಪಂಚ್ ಯಂತ್ರವೂ ಒಳ್ಳೆಯದೇ. ಆದರೆ ಅದರಿಂದ ಬೀಳುವ ಚುಕ್ಕಿಗಳನ್ನು ಹೆಕ್ಕಿಸುವ ಕೆಲಸ ಇನ್ನೂ ಒಳ್ಳೆಯದು ಎಂಬುದು ನನ್ನ ಅನುಭವ. ಗುಡಿಸುವ ಶ್ರಮವೂ ಉಳಿಯಿತು.

ಎಲ್ಲಕ್ಕಿಂತ ಅಗ್ಗದ ಉಪಾಯ ಮುರಿದ ಬಣ್ಣದ ಕಡ್ಡಿ. ಎರಡು ಮೂರು ಸೆಂಟಿಮೀಟರ್ ತುಂಡನ್ನು ಮುಷ್ಟಿಯಲ್ಲಿ ಹಿಡಿಯಲು ಜಾಗವೇ ಇಲ್ಲ, ಬೆರಳ ತುದಿಗಳೇ ಮುಂದೆ ಬರಬೇಕು. ಹೊಸ ಡಬ್ಬದ ಉದ್ದನೆಯ ಕಡ್ಡಿಗಳನ್ನು ನಾನು ಮಕ್ಕಳ ಎದುರೇ ಮುರಿಯುತ್ತೇನೆ. ಮೊದಲ ದಿನ ಒಂದಿಬ್ಬರು ಅಳುತ್ತಾರೆ.

ಮೂರನೆಯದನ್ನು ಹೆಚ್ಚಿನವರು ನೋಡುವುದೇ ಇಲ್ಲ: ಕೈಯೊಳಗೆ ವಸ್ತುವನ್ನು ಸರಿಸುವ ಜಾಣ್ಮೆ. ಐದು ನಾಣ್ಯಗಳನ್ನು ಮೇಜಿನಿಂದ ಒಂದೊಂದಾಗಿ ಹೆಕ್ಕಿ ಅದೇ ಅಂಗೈಯಲ್ಲಿ ಕೂಡಿಡಲಿ. ಆಮೇಲೆ ಒಂದೊಂದನ್ನೇ ಬೆರಳ ತುದಿಗೆ ತಂದು ಹುಂಡಿಯ ಸೀಳಿಗೆ ಹಾಕಲಿ, ಇನ್ನೊಂದು ಕೈಯ ಸಹಾಯವಿಲ್ಲದೆ. ಅಂಗೈಯಿಂದ ಬೆರಳಿಗೆ ತರುವುದು ಬೆರಳಿಂದ ಅಂಗೈಗೆ ಒಯ್ಯುವುದಕ್ಕಿಂತ ಕಷ್ಟ, ಚಿಕ್ಕವರು ಎದೆಗೆ ಒತ್ತಿಕೊಂಡು ಸರಿಪಡಿಸಿಕೊಳ್ಳುವುದು ಸಹಜ. ಏಳು ವರ್ಷವಾದರೂ ನಾಣ್ಯಗಳೆಲ್ಲ ಚೆಲ್ಲಿಹೋಗುತ್ತಿದ್ದರೆ ಇದನ್ನೇ ಆಡಿಸಿ, ಎರಡು ನಾಣ್ಯದಿಂದ ಶುರುಮಾಡಿ. ಪೆನ್ಸಿಲಿನದೇ ಎರಡು ಆಟಗಳಿವೆ. ‘ಇರುವೆ ಮರ ಹತ್ತಿತು’: ಒಂದೇ ಕೈಯ ಬೆರಳುಗಳು ಪೆನ್ಸಿಲಿನ ಮೊನೆಯಿಂದ ತುದಿಯವರೆಗೆ ನಡೆದು ಇಳಿಯಬೇಕು. ‘ಲಾಗ’: ಒಂದೇ ಕೈಯಲ್ಲಿ ಪೆನ್ಸಿಲನ್ನು ತಿರುಗಿಸಿ ಹಿಂಬದಿಯ ರಬ್ಬರಿನಿಂದ ಅಳಿಸಿ, ಮತ್ತೆ ತಿರುಗಿಸಬೇಕು. ದೊಡ್ಡವರಿಗೂ ಎಡಗೈಯಲ್ಲಿ ಮಾಡಲು ಹೇಳಿ, ಮಕ್ಕಳು ಬಿದ್ದು ಬಿದ್ದು ನಗುತ್ತಾರೆ.

ಎಚ್ಚರಿಕೆಯ ಮಾತು ಇಲ್ಲೇ ಹೇಳಿಬಿಡುತ್ತೇನೆ. ಗುಂಡಿ, ಮಣಿ, ನಾಣ್ಯದ ಆಟಗಳು ಮೂರು ವರ್ಷದೊಳಗಿನವರಿಗೂ, ಕಂಡದ್ದನ್ನು ಬಾಯಿಗಿಡುವ ಯಾವ ಮಗುವಿಗೂ ಬೇಡ; ಚಿಕ್ಕ ತಮ್ಮನೋ ತಂಗಿಯೋ ಮನೆಯಲ್ಲಿದ್ದರೆ ಆಟ ಮುಗಿದ ಕೂಡಲೇ ಎಣಿಸಿ ಎತ್ತಿಡಿ. ಗುಂಡಿ ಬ್ಯಾಟರಿ ಮತ್ತು ಪುಟ್ಟ ಅಯಸ್ಕಾಂತಗಳನ್ನು ಯಾವ ವಯಸ್ಸಿನವರ ಆಟಕ್ಕೂ ಕೊಡಬೇಡಿ. ನುಂಗಿದರೆ ಒಳಗೆ ಸುಟ್ಟು ಇಲ್ಲವೇ ಕರುಳನ್ನು ತೂತು ಮಾಡಿ ಪ್ರಾಣಕ್ಕೇ ಬರುತ್ತವೆ.

ಹಿಡಿತವನ್ನು ಯಾವಾಗ ಮುಟ್ಟಬಾರದು

ನಾಲ್ಕು ಬೆರಳಲ್ಲಿ ಹಿಡಿಯುವ, ಹೆಬ್ಬೆರಳನ್ನು ಪೆನ್ಸಿಲಿನ ಮೇಲೆ ಅಡ್ಡ ಹಾಕುವ ಮಕ್ಕಳನ್ನು ಕಂಡರೆ ತಿದ್ದುವ ಚಪಲ ನಮಗೆಲ್ಲ. ಮೂರು ಬೆರಳಿನದು, ನಾಲ್ಕು ಬೆರಳಿನದು, ಹೆಬ್ಬೆರಳು ಅಡ್ಡ ಬರುವ ಇವೆರಡರ ರೂಪಗಳು, ಹೀಗೆ ನಾಲ್ಕು ಹಿಡಿತಗಳನ್ನು ಪಕ್ವ ಹಿಡಿತಗಳೆಂದೇ ಈ ಕ್ಷೇತ್ರದ ತಜ್ಞರು ಎಣಿಸುತ್ತಾರೆ; ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಅಕ್ಷರದ ಸ್ಪಷ್ಟತೆಗಾಗಲಿ ವೇಗಕ್ಕಾಗಲಿ ಹೇಳಿಕೊಳ್ಳುವ ವ್ಯತ್ಯಾಸ ಕಂಡಿಲ್ಲ. ನೋವಿಲ್ಲ, ಅಕ್ಷರ ಓದಲು ಬರುತ್ತದೆ, ವೇಗ ಸಾಕು ಅಂದ ಮೇಲೆ ಕೈ ಹೇಗಿದ್ದರೇನು? ಎಡಗೈಯಲ್ಲಿ ಬರೆಯುವವರನ್ನು ಬಲಗೈಗೆ ತಿರುಗಿಸುವುದಂತೂ ದೋಷವಿಲ್ಲದ ಕಡೆ ದೋಷ ಹಾಕಿದಂತೆ. ಅವರು ಮೊನೆಯಿಂದ ತುಸು ಮೇಲೆ ಹಿಡಿದರೆ ಬರೆದದ್ದು ಕಾಣುತ್ತದೆ, ಅಷ್ಟು ತೋರಿಸಿಕೊಟ್ಟರೆ ಮುಗಿಯಿತು.

ಒತ್ತಡ: ಬಲದಂತೆ ಕಾಣುವ ಬಲಹೀನತೆ

ಪುಟ ತಿರುಗಿಸಿ ಹಿಂಬದಿ ಸವರಿ. ಅಕ್ಷರಗಳು ಉಬ್ಬಿ ಕೈಗೆ ಸಿಗುತ್ತವೆಯೇ? ಮೊನೆ ಪದೇ ಪದೇ ಮುರಿಯುತ್ತದೆಯೇ, ಬೆರಳ ಉಗುರಿನ ಸುತ್ತ ಬೆಳ್ಳಗಾಗುತ್ತದೆಯೇ? ‘ಇವನಿಗೆ ಕೈ ಬಲ ಜಾಸ್ತಿ’ ಎಂದು ಬಿಟ್ಟುಬಿಡುತ್ತಾರೆ. ಹೆಚ್ಚಿನ ಸಲ ವಿಷಯ ತಿರುವುಮುರುವು. ಕೀಲು ಸಡಿಲವಿರುವ ಮಗು ಅಲುಗಾಡದಂತೆ ಬಿಗಿಹಿಡಿಯುತ್ತದೆ. ಎಷ್ಟು ಒತ್ತುತ್ತಿದ್ದೇನೆಂಬ ಅರಿವು ಸ್ನಾಯುವಿನಿಂದ ಸರಿಯಾಗಿ ಬಾರದ ಮಗು, ಗೊತ್ತಾಗುವಷ್ಟು ಒತ್ತುತ್ತದೆ. ತಪ್ಪಾದರೆ ಬೈಗುಳ ಕಾದಿದೆ ಎಂದು ಹೆದರಿದ ಮಗುವೂ ಒತ್ತುತ್ತದೆ. ಈ ಮೂರಕ್ಕೂ ಶಕ್ತಿಯ ಆಟವೊಂದೇ ಸಾಲದು. ಇಲ್ಲಿ ಕಲಿಸಬೇಕಾದದ್ದು ಅಳತೆ.

ಮೂರು ಹಾಳೆಗಳ ನಡುವೆ ಎರಡು ಕಾರ್ಬನ್ ಕಾಗದ ಇಡಿ. ‘ಮೇಲಿನ ಹಾಳೆಯಲ್ಲಿ ಮನೆ ಬಿಡಿಸು, ಕೆಳಗಿನ ಭೂತಕ್ಕೆ ಗೊತ್ತಾಗಬಾರದು.’ ಆಮೇಲೆ ತಿರುಗಿಸಿ: ‘ಈಗ ಎರಡನೇ ಹಾಳೆಗೆ ತಲುಪಲಿ, ಮೂರನೆಯದಕ್ಕೆ ಬೇಡ.’ ಮಗು ತಾನೇ ಹಾಳೆ ಎತ್ತಿ ನೋಡುತ್ತದೆ. ನೀವು ‘ಮೆತ್ತಗೆ ಬರಿ’ ಎಂದು ನೂರು ಸಲ ಹೇಳುವುದು ತಪ್ಪುತ್ತದೆ. ಒಂದೇ ಪೆನ್ಸಿಲಿನಲ್ಲಿ ಮೋಡ, ಮಳೆ, ಗುಡುಗು ಎಂದು ಮೂರು ಬಗೆಯ ಕಪ್ಪು ತರಿಸಿ. ಹಿಂಬದಿ ಒತ್ತಿ ಸೀಸ ಮುಂದೂಡುವ ಪೆನ್ಸಿಲ್ ಕೊಟ್ಟರೆ ಒತ್ತಿದ ಕೂಡಲೇ ಅದು ಮುರಿದು ತಾನೇ ಪಾಠ ಹೇಳುತ್ತದೆ. ಆದರೆ ಹೆದರಿ ಒತ್ತುವ ಮಗುವಿಗೆ ಇದನ್ನು ಕೊಡಬೇಡಿ, ಪ್ರತಿ ಸಲ ಮುರಿದಾಗಲೂ ಅದು ನಿಮ್ಮ ಮುಖ ನೋಡುತ್ತದೆ.

ತೀರಾ ಮಸುಕಾಗಿ ಬರೆಯುವ ಮಗುವಿಗೆ ಇದೇ ಕಾರ್ಬನ್ ಆಟವನ್ನು ಮೂರನೇ ಹಾಳೆಗೆ ತಲುಪಿಸುವಂತೆ ಆಡಿಸಿ. ಹಾಳೆಯಡಿ ಉಪ್ಪುಕಾಗದ ಇಟ್ಟು ಬಣ್ಣ ಹಚ್ಚಿಸಿದರೆ ಬೆರಳಿಗೆ ಗರಗರ ಎಂಬ ಸ್ಪರ್ಶವೂ ಸಿಗುತ್ತದೆ.

ಆಡಿಸಿದೆವು, ಆದರೂ ಅಕ್ಷರ ಸುಧಾರಿಸಿಲ್ಲ

ದಿನಕ್ಕೆ ಹತ್ತು ನಿಮಿಷ, ವಾರಕ್ಕೆ ನಾಲ್ಕೈದು ದಿನ, ಆರು ವಾರ. ಅಷ್ಟಕ್ಕೆ ಮೊದಲೇ ‘ಆಗಲಿಲ್ಲ’ ಅನ್ನಬೇಡಿ. ಮೊದಲ ಕೆಲವು ವಾರಗಳಲ್ಲಿ ಸ್ನಾಯು ದಪ್ಪಗಾಗುವುದಕ್ಕಿಂತ ಮೆದುಳು ಇರುವ ಸ್ನಾಯುವನ್ನೇ ಚೆನ್ನಾಗಿ ಬಳಸಲು ಕಲಿಯುವುದೇ ಹೆಚ್ಚು. ಆಟ ಸುಲಭವಾದ ಮೇಲೂ ಅದೇ ಮೆತ್ತನೆಯ ಮಣ್ಣು, ಅದೇ ಸಡಿಲ ಕ್ಲಿಪ್ ಮುಂದುವರಿದಿದ್ದರೆ ಬೆಳವಣಿಗೆ ಅಲ್ಲೇ ನಿಂತಿರುತ್ತದೆ. ಬರೆಸುವ ಮೊದಲು ಕೈ ಸೋಲುವಷ್ಟು ಆಡಿಸಿಬಿಟ್ಟಿರುವ ಸಾಧ್ಯತೆಯೂ ಇದೆ. ಜೋರು ಆಟಗಳು ಬರೆದ ಮೇಲೆ ಇರಲಿ.

ದೊಡ್ಡ ಕಾರಣ ಬೇರೆ. ಆಟ ಮಾತ್ರ ಆಡಿಸಿ ಬರೆಸುವುದನ್ನೇ ಬಿಟ್ಟಿದ್ದರೆ ಅಕ್ಷರ ಸುಧಾರಿಸುವುದಿಲ್ಲ. ಬರವಣಿಗೆ ತಿದ್ದುವ ನಾನಾ ವಿಧಾನಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2011ರ ಒಂದು ವಿಮರ್ಶೆಯಲ್ಲಿ, ನಿಜವಾಗಿ ಬರೆಸುವ ಅಭ್ಯಾಸವಿಲ್ಲದ ವಿಧಾನಗಳು ಫಲ ಕೊಟ್ಟಿರಲಿಲ್ಲ, 20ಕ್ಕಿಂತ ಕಡಿಮೆ ಪಾಠಗಳಿಗೆ ನಿಂತವೂ ಅಷ್ಟೇ. ಆಟ ಕೈಯನ್ನು ಹದಗೊಳಿಸುತ್ತದೆ, ಅಕ್ಷರವನ್ನು ಅಕ್ಷರವೇ ಕಲಿಸಬೇಕು. ನಾಲ್ಕು ಪುಟ ಕಾಪಿ ಬೇಡ. ಐದು ನಿಮಿಷ, ಒಂದೇ ಬಗೆಯ ತಿರುವಿರುವ ಎರಡು ಮೂರು ಅಕ್ಷರ, ಅವುಗಳಲ್ಲಿ ಚೆನ್ನಾಗಿ ಬಂದ ಒಂದಕ್ಕೆ ಮಗುವೇ ಸುತ್ತು ಹಾಕಲಿ.

ಆಟ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಬೇಕಾದಾಗ

ನೆಲದಿಂದ ಏಳುವಾಗ ತನ್ನದೇ ಮೊಣಕಾಲು, ತೊಡೆಗಳ ಮೇಲೆ ಕೈಯೂರಿ ಹತ್ತಿಕೊಂಡು ಏಳುವುದು, ಮೆಟ್ಟಿಲು ಹತ್ತಲು ತಿಣುಕುವುದು, ಪದೇ ಪದೇ ಬೀಳುವುದು. ಮೊದಲು ಬರುತ್ತಿದ್ದ ಕೆಲಸ ಈಗ ಬಾರದಿರುವುದು. ಒಂದು ಕೈ ಮಾತ್ರ ಸೋಲುವುದು, ಕೈ ನಡುಗುವುದು, ಜುಮ್ಮೆನ್ನುವುದು. ಗೆಣ್ಣು ಊದುವುದು, ಬೆಳಿಗ್ಗೆ ಎದ್ದಾಗ ಬೆರಳು ಬಿಗಿದಿರುವುದು. ವರ್ಷ ತುಂಬುವ ಮೊದಲೇ ಕೂಸು ಒಂದೇ ಕೈಯನ್ನು ಬಳಸುತ್ತಾ ಇನ್ನೊಂದನ್ನು ಮರೆತಂತಿದ್ದರೆ ಅದನ್ನೂ ‘ಎಡಚನಾಗುತ್ತಾನೆ’ ಎಂದು ನಗುತ್ತಾ ಬಿಡಬಾರದು. ಇವುಗಳಲ್ಲಿ ಯಾವುದೊಂದು ಕಂಡರೂ ಆರು ವಾರ ಕಾಯದೆ ಮಕ್ಕಳ ವೈದ್ಯರನ್ನು ನೋಡಿ.

ಇಷ್ಟು ತುರ್ತಿಲ್ಲದ ಇನ್ನೊಂದು ಗುಂಪಿದೆ. ಗುಂಡಿ ಹಾಕುವುದು, ಚೆಂಡು ಹಿಡಿಯುವುದು, ಕತ್ತರಿ, ಸೈಕಲ್ ಎಲ್ಲದರಲ್ಲೂ ಓರಗೆಯವರಿಗಿಂತ ತುಂಬ ಹಿಂದಿರುವ ಮಕ್ಕಳು. ಚಲನೆಯ ಹೊಂದಾಣಿಕೆಯ ತೊಂದರೆ ಶಾಲಾ ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ ಐದಾರು ಜನರಿಗೆ ಇರುತ್ತದೆ ಎಂಬ ಲೆಕ್ಕವಿದೆ. ಅಂದರೆ ದೊಡ್ಡ ತರಗತಿಯೊಂದರಲ್ಲಿ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಇವರಿಗೆ ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸಗಳನ್ನು ಮಾಡಲು ತರಬೇತಿ ಕೊಡುವ ಚಿಕಿತ್ಸಕರು ಬೇಕು.

ಹೋಗುವಾಗ ಮಗುವನ್ನು ಬರೀ ಕೈಯಲ್ಲಿ ಕರೆದೊಯ್ಯಬೇಡಿ. ಬರೆಯುತ್ತಿರುವ ಎರಡು ನಿಮಿಷದ ವಿಡಿಯೊ, ಒಂದು ಪಕ್ಕದಿಂದ, ಒಂದು ಎದುರಿನಿಂದ, ಪಾದದವರೆಗೂ ಕಾಣುವ ಹಾಗೆ ತೆಗೆದಿಟ್ಟುಕೊಳ್ಳಿ. ಮೊದಲ ವಾರದ ಒಂದು ಹಾಳೆ, ಈ ವಾರದ ಒಂದು ಹಾಳೆ, ತಾರೀಖು ಹಾಕಿ. ಚಿತ್ರದ ಹಾಳೆಯೂ ಒಂದಿರಲಿ.